ಕಲ್ಲಿನ ಊರಿಗೊಂದು ನಿಧಾನದ ಕ್ಯಾಮೆರಾ

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸು ಕಮಲಾಪುರ ದಾಟಿದ ಮೇಲೆ ನೋಟ ಬದಲಾಗುತ್ತದೆ. ಅದುವರೆಗೆ ರಸ್ತೆಗೆ ಅಂಟಿಕೊಂಡೇ ಬರುತ್ತಿದ್ದ ಬಂಡೆಗುಡ್ಡಗಳು ತುಸು ದೂರ ಸರಿಯುತ್ತವೆ. ಬುಕ್ಕಸಾಗರ, ರಾಮಸಾಗರಗಳ ಬಾಳೆತೋಟ, ಕಬ್ಬು, ಭತ್ತದ ಗದ್ದೆಗಳು ಎದುರಾಗುತ್ತವೆ. ಈ ಹಸಿರಿಗೆಲ್ಲ ತುಂಗಭದ್ರೆಯ ಕಾಲುವೆಗಳೇ ಕಾರಣ. ಅವುಗಳಲ್ಲಿ ರಾಮಸಾಗರ, ಕಂಪ್ಲಿ ಕಾಲುವೆಗಳಂಥವು 1953ರ ಅಣೆಕಟ್ಟಿಗಿಂತ ಶತಮಾನಗಳಷ್ಟು ಹಳೆಯವು. ವಿಜಯನಗರದ ಅರಸರ ಕಾಲದಿಂದ ನೀರು ಹರಿಸುತ್ತ ಬಂದವು. ಕಬ್ಬು ಹೇರಿದ ಟ್ರ್ಯಾಕ್ಟರೊಂದರ ಹಿಂದೆ ಬಸ್ಸು ಸಿಕ್ಕಿಕೊಂಡಿತೆಂದರೆ ಈ ಹಸಿರನ್ನು ಕಣ್ತುಂಬ ನೋಡಲು ಬೇಕಾದಷ್ಟು ಸಮಯ ಸಿಗುತ್ತದೆ.

ಹಂಪಿಗೆ ಬಂದವರಲ್ಲಿ ಕಂಪ್ಲಿಯವರೆಗೆ ಹೋಗುವವರು ಕಡಿಮೆ. ಆದರೆ ವಿಜಯನಗರಕ್ಕಿಂತ ಹಿರಿದಾದ ಇತಿಹಾಸ ಈ ಊರಿನದು. 11ನೇ ಶತಮಾನದಲ್ಲಿ ಚೋಳರು ಇಲ್ಲಿದ್ದ ಚಾಲುಕ್ಯರ ಅರಮನೆಯನ್ನು ಕೆಡವಿದೆವೆಂದು ತಮ್ಮ ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಗಂಡುಗಲಿ ಕುಮಾರರಾಮನ ತಂದೆ ಕಂಪಿಲರಾಯನ ರಾಜ್ಯ 1327ರಲ್ಲಿ ದೆಹಲಿಯ ತುಘಲಕನ ಸೇನೆಗೆ ಬಿದ್ದ ಮೇಲೆಯೇ ವಿಜಯನಗರ ತಲೆಯೆತ್ತಿದ್ದು. ಇಂದಿನ ಕಂಪ್ಲಿ ಅಕ್ಕಿಯ ಊರು, ಹೊಳೆಯ ಊರು. ಕೋಟೆಯ ಕಡೆಯಿಂದ ಇಳಿದರೆ ತುಂಗಭದ್ರೆ, ಆಚೆ ದಡದಿಂದ ಗಂಗಾವತಿಯ ದಾರಿ. ನಡುವಿನ ಸೇತುವೆ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಮುಳುಗಿ, ಎರಡು ದಡದ ಜನ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲಬೇಕಾಗಿ ಬಂದದ್ದುಂಟು. 2019ರ ಆಗಸ್ಟಿನಲ್ಲಿ ಹಾಗೆಯೇ ಆಯಿತು.

ಇಂಥ ಕಡೆಗೆ ಕೈಯಲ್ಲೊಂದು ಕ್ಯಾಮೆರಾ ಹಿಡಿದು ಹೋಗುವುದು ಈಗ ದೊಡ್ಡ ಸಂಗತಿಯೇನಲ್ಲ. ಎಲ್ಲರ ಜೇಬಿನಲ್ಲೂ ಮೊಬೈಲು ಇದೆ, ಅದರೊಳಗೇ ಕ್ಯಾಮೆರಾ ಇದೆ. ಆದರೆ ಕೆಲವರು ಇನ್ನೂ ಒಂದು ವಿಚಿತ್ರ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ತಿರುಗುವುದುಂಟು. ಜಪಾನಿನ ಸಿಗ್ಮಾ ಕಂಪೆನಿ 2012ರಲ್ಲಿ ಹೊರತಂದ ಡಿಪಿ2 ಮೆರಿಲ್ ಎಂಬುದು ಅಂಥದ್ದೊಂದು. ನೋಡಲು ಒಂದು ಕರಿಯ ಡಬ್ಬಿ, ಮುಂದೆ ಒಂದು ಲೆನ್ಸು. ಬ್ಯಾಟರಿ ಬಿಟ್ಟರೆ ತೂಕ ಸುಮಾರು 350 ಗ್ರಾಂ. ಲೆನ್ಸನ್ನು ಬದಲಿಸುವಂತಿಲ್ಲ, ದೂರದ್ದನ್ನು ಹತ್ತಿರ ಎಳೆಯುವ ಜೂಮ್ ಇಲ್ಲ, ಫ್ಲ್ಯಾಶ್ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ, ಕೈನಡುಗನ್ನು ಸರಿಪಡಿಸುವ ವ್ಯವಸ್ಥೆಯಂತೂ ಇಲ್ಲವೇ ಇಲ್ಲ. ಇಷ್ಟೆಲ್ಲ ಇಲ್ಲಗಳನ್ನು ಕೇಳಿದವರು, ‘ಹಾಗಾದರೆ ಇದರಲ್ಲಿ ಇರುವುದಾದರೂ ಏನು?’ ಎನ್ನುವುದು ಸಹಜ. ಇರುವುದು ಒಳಗಿನ ಸಿಲಿಕಾನ್ ಬಿಲ್ಲೆ.

ಸಾಮಾನ್ಯ ಡಿಜಿಟಲ್ ಕ್ಯಾಮೆರಾದ ಬಿಲ್ಲೆಗೆ ತಾನಾಗಿ ಬಣ್ಣ ಗೊತ್ತಾಗುವುದಿಲ್ಲ. ಬೆಳಕು ಎಷ್ಟು ಬಿತ್ತು ಎಂಬುದಷ್ಟೇ ಗೊತ್ತು. ಆದ್ದರಿಂದ ಅದರ ಲಕ್ಷಾಂತರ ಬಿಂದುಗಳ ಮೇಲೆ ಕೆಂಪು, ಹಸಿರು, ನೀಲಿ ಗಾಜಿನ ಚೂರುಗಳಂಥ ಸೋಸುಕಗಳನ್ನು ಚದುರಂಗದ ಮಣೆಯಂತೆ ಹೊದಿಸಿರುತ್ತಾರೆ. ಇದು ಕೊಡಕ್ ಕಂಪೆನಿಯ ವಿಜ್ಞಾನಿ ಬ್ರೈಸ್ ಬೇಯರ್ ಅವರ ಉಪಾಯ. 1976ರಲ್ಲಿ ಪೇಟೆಂಟ್ ದೊರೆಯಿತು. ಒಂದೊಂದು ಬಿಂದುವೂ ಒಂದೊಂದೇ ಬಣ್ಣವನ್ನು ಅಳೆಯುತ್ತದೆ. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳನ್ನು ಕೇಳಿ ಲೆಕ್ಕ ಹಾಕಿ ತುಂಬಲಾಗುತ್ತದೆ. ಅಂದರೆ ಬಣ್ಣದ ಚಿತ್ರದ ಮೂರರಲ್ಲಿ ಎರಡು ಪಾಲು ಅಳತೆಯಲ್ಲ, ಅಂದಾಜು! ಅಂದಾಜು ಬಹಳ ಚೆನ್ನಾಗಿಯೇ ನಡೆಯುತ್ತದೆ ಎಂಬುದನ್ನೂ ಒಪ್ಪಬೇಕು. ಜಗತ್ತಿನ ಬಹುಪಾಲು ಡಿಜಿಟಲ್ ಫೋಟೊಗಳು ಹೀಗೆ ಹುಟ್ಟಿದವೇ.

ಮೆರಿಲ್ ಕ್ಯಾಮೆರಾದ ದಾರಿ ಬೇರೆ. ಬೆಳಕು ಸಿಲಿಕಾನಿನೊಳಗೆ ಇಳಿಯುವಾಗ ನೀಲಿ ಮೇಲ್ಪದರದಲ್ಲೇ ಹೆಚ್ಚಾಗಿ ಹೀರಲ್ಪಡುತ್ತದೆ, ಹಸಿರು ಇನ್ನಷ್ಟು ಕೆಳಗೆ ಹೋಗುತ್ತದೆ, ಕೆಂಪು ಎಲ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಈ ಗುಣವನ್ನು ಬಳಸಿಕೊಂಡು ಒಂದೇ ಬಿಂದುವಿನಲ್ಲಿ ಮೂರು ಆಳಗಳಲ್ಲಿ ಬೆಳಕನ್ನು ಅಳೆಯಲಾಗುತ್ತದೆ. ಅಕ್ಕಿ ಗಿರಣಿಯಲ್ಲಿ ಒಂದರ ಕೆಳಗೊಂದು ಜರಡಿ ಇಟ್ಟು ಅಕ್ಕಿ, ನುಚ್ಚು, ತೌಡು ಬೇರ್ಪಡಿಸಿದ ಹಾಗೆ. ಕಾರ್ವರ್ ಮೀಡ್ ಎಂಬ ಪ್ರಸಿದ್ಧ ವಿಜ್ಞಾನಿ ಅಮೆರಿಕದಲ್ಲಿ ಕಟ್ಟಿದ ಫೊವಿಯಾನ್ ಎಂಬ ಸಂಸ್ಥೆಯಲ್ಲಿ ಈ ಬಿಲ್ಲೆ ಹುಟ್ಟಿತು. ಅದನ್ನು ಹೊತ್ತ ಮೊದಲ ಕ್ಯಾಮೆರಾ ಬಂದದ್ದು 2002ರಲ್ಲಿ. 2008ರಲ್ಲಿ ಸಿಗ್ಮಾ ಆ ಸಂಸ್ಥೆಯನ್ನೇ ಕೊಂಡಿತು. ಅದೇ ವರ್ಷ ತೀರಿಕೊಂಡ ಸಂಶೋಧಕ ರಿಚರ್ಡ್ ಮೆರಿಲ್ ಅವರ ಹೆಸರನ್ನೇ ಈ ಕ್ಯಾಮೆರಾಕ್ಕೆ ಇಟ್ಟದ್ದು. ಸಂಶೋಧಕನ ಹೆಸರನ್ನು ಹೀಗೆ ಡಬ್ಬಿಯ ಮೇಲೆ ಕೊರೆಯುವ ಕಂಪೆನಿಗಳು ಹೆಚ್ಚಿಲ್ಲ.

ಜಾಹೀರಾತಿನ ಲೆಕ್ಕದ ಬಗ್ಗೆ ಮಾತ್ರ ಒಂದು ಮಾತು. ಇದು 46 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದು ಕಂಪೆನಿ ಹೇಳಿಕೊಂಡಿತು. ನಿಜವಾಗಿ ಚಿತ್ರದಲ್ಲಿರುವುದು ಅಡ್ಡಕ್ಕೆ 4704, ಉದ್ದಕ್ಕೆ 3136 ಬಿಂದುಗಳು, ಅಂದರೆ ಒಂದೂವರೆ ಕೋಟಿಗೆ ತುಸು ಕಡಿಮೆ. ಪದರ ಮೂರಿರುವುದರಿಂದ ಮೂರರಿಂದ ಗುಣಿಸಿದರು. ಮೂರಂತಸ್ತಿನ ಒಂದು ಮನೆಯನ್ನು ಮೂರು ಮನೆ ಎಂದು ಎಣಿಸಿದ ಹಾಗೆ ಇದು. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಕಂಪ್ಲಿಯ ಹೊಳೆದಂಡೆಯಲ್ಲಿ ಈ ಕ್ಯಾಮೆರಾ ತನ್ನ ಸೋಲನ್ನೆಲ್ಲ ಒಂದೇ ಬೆಳಗಿನಲ್ಲಿ ತೋರಿಸಿಬಿಡುತ್ತದೆ. ಮೀನುಗಾರ ಹರಿಗೋಲನ್ನು ನೀರಿಗಿಳಿಸಿ, ಹುಟ್ಟು ಹಾಕಿ ಒಮ್ಮೆ ಗಿರಕ್ಕನೆ ತಿರುಗಿಸುತ್ತಾನೆ. ಕ್ಯಾಮೆರಾ ಅವನ ಮೇಲೆ ನೋಟ ನೆಡುವಷ್ಟರಲ್ಲಿ ಅವನು ನಡುಹೊಳೆಯಲ್ಲಿರುತ್ತಾನೆ. ಬಲೆ ಬೀಸಿದ ಕ್ಷಣ ಸಿಕ್ಕಿತೆನ್ನಿ, ಆ ಒಂದು ಚಿತ್ರವನ್ನು ಕಾರ್ಡಿಗೆ ಬರೆದು ಮುಗಿಸಲು ಯಂತ್ರಕ್ಕೆ ಹತ್ತು ಸೆಕೆಂಡಿಗೂ ಮಿಕ್ಕಿ ಬೇಕು. ಕೆಂಪು ದೀಪ ಮಿನುಗುತ್ತಿರುತ್ತದೆ, ತೆಗೆದ ಚಿತ್ರ ಹೇಗೆ ಬಂದಿದೆಯೆಂದು ನೋಡಲೂ ಕಾಯಬೇಕು. ಮೋಡ ಕವಿದ ಬೆಳಗಾದರೆ ಇನ್ನೂ ಕಷ್ಟ. ಮೂರು ಜರಡಿಗಳು ಬಣ್ಣವನ್ನು ಅಷ್ಟು ಚೊಕ್ಕವಾಗಿ ಬೇರ್ಪಡಿಸುವುದಿಲ್ಲ. ಒಂದರದ್ದು ಇನ್ನೊಂದಕ್ಕೆ ಸೋರುತ್ತದೆ, ಅದನ್ನು ಲೆಕ್ಕದಿಂದ ಬಿಡಿಸಬೇಕು. ಬೆಳಕು ಕಡಿಮೆಯಾದಾಗ ಆ ಲೆಕ್ಕವೇ ಗೊಂದಲವಾಗಿ ಚಿತ್ರದ ತುಂಬ ಹಸಿರು, ನೇರಳೆ ಕಲೆಗಳೇಳುತ್ತವೆ. ಸೂಕ್ಷ್ಮತೆ ಐಎಸ್‌ಒ 100, 200ರಲ್ಲಿ ಇದು ರಾಜ. 800ಕ್ಕೆ ಬಂದರೆ ಬಣ್ಣದ ಚಿತ್ರದ ಆಸೆ ಬಿಟ್ಟು ಕಪ್ಪು-ಬಿಳುಪಿಗೆ ಸಮಾಧಾನ ಪಡಬೇಕು. ಭತ್ತದ ಗದ್ದೆಯ ಹಸಿರು ಕೂಡ ಕೆಲವೊಮ್ಮೆ ಹಳದಿಗೆ ವಾಲಿ, ಪೈರಿಗೆ ಏನೋ ರೋಗ ಬಡಿದಂತೆ ಕಾಣುತ್ತದೆ. ಇದೇ ಹೊಳೆದಂಡೆಯಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ ಹತ್ತು ಚಿತ್ರ ತೆಗೆದು, ಅದರಲ್ಲೊಂದನ್ನು ಗಂಗಾವತಿಯ ಗೆಳೆಯನಿಗೆ ಕಳಿಸಿಯೂ ಮುಗಿಸಿರುತ್ತಾನೆ. ಮದುವೆ, ಜಾತ್ರೆ, ಮೊಹರಮ್ಮಿನ ಕುಣಿತ, ಆಟವಾಡುವ ಮಕ್ಕಳು ಮೊದಲಾದವಕ್ಕೆ ಬೇಕಾದ ಯಂತ್ರ ಇದಲ್ಲ. ಮನೆಗೆ ಒಂದೇ ಕ್ಯಾಮೆರಾ ಎಂದು ಕೊಳ್ಳುವವರು ಇಲ್ಲಿಗೇ ಓದು ನಿಲ್ಲಿಸಿದರೂ ನಷ್ಟವಿಲ್ಲ.

ಹೊಳೆಯ ಊರಿನಲ್ಲಿ ಸೋತದ್ದು ಕಲ್ಲಿನ ಊರಿಗೆ ಬಂದೊಡನೆ ಬೇರೆಯೇ ಆಗಿ ನಿಲ್ಲುತ್ತದೆ. ಅದೇ ರಸ್ತೆಯಲ್ಲಿ ಹಿಂದಕ್ಕೆ ಬಂದು ಹಂಪಿಯ ಕಡೆ ತಿರುಗಿದರೆ ಎಲ್ಲೆಲ್ಲೂ ಗ್ರಾನೈಟ್. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ‘ಶೋಲೆ’ ಚಿತ್ರದ ಬಂಡೆಗಳೂ ಹಂಪಿಯ ಬಂಡೆಗಳೂ ಒಂದೇ ಪಟ್ಟಿಗೆ ಸೇರಿದ ನೆಂಟರು, ವಯಸ್ಸು ಸುಮಾರು 250 ಕೋಟಿ ವರ್ಷ. ಕಣ್ಣಿಗೆ ಬೂದು ಎಂದು ಕಾಣುವ ಈ ಕಲ್ಲಿನಲ್ಲಿ ನಸುಗೆಂಪು ಫೆಲ್ಡ್‌ಸ್ಪಾರ್, ಗಾಜಿನಂಥ ಕ್ವಾರ್ಟ್ಸ್, ಕರಿಯ ಅಭ್ರಕದ ಚುಕ್ಕೆಗಳು ಬೆರೆತಿವೆ. ಅಕ್ಕಪಕ್ಕದಲ್ಲೇ ಬೇರೆ ಬೇರೆ ಬಣ್ಣದ ಇಷ್ಟು ಸಣ್ಣ ಕಣಗಳು ಇರುವಾಗ ಅಂದಾಜಿನ ಲೆಕ್ಕ ಸೋಲುತ್ತದೆ, ಎಲ್ಲವನ್ನೂ ಕಲಸಿ ಬೂದಿ ಮಾಡುತ್ತದೆ. ಪ್ರತಿ ಬಿಂದುವಿನಲ್ಲೂ ಮೂರೂ ಬಣ್ಣ ಅಳೆಯುವ ಯಂತ್ರ ಕಣವನ್ನು ಕಣವಾಗಿಯೇ ಬಿಡಿಸಿ ತೋರಿಸುತ್ತದೆ. ಉಗ್ರನರಸಿಂಹನ ಮೊಣಕಾಲಿನ ಮೇಲೆ ಉಳಿದ ಉಳಿಯ ಗುರುತು, ಹಜಾರರಾಮ ದೇವಾಲಯದ ಗೋಡೆಯ ರಾಮಾಯಣದಲ್ಲಿ ಬೆರಳುದ್ದದ ಮುಖಗಳು, ಕಂಬದ ಮೇಲೆ ಮಳೆನೀರು ಎಳೆದ ಕಪ್ಪು ಗೆರೆ ಇವೆಲ್ಲವನ್ನೂ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ, ಎದುರಿಗೆ ನಿಂತಾಗ ಕಾಣದ್ದೂ ಕಾಣಸಿಗುತ್ತದೆ.

ಅದನ್ನು ಪಡೆಯಲು ಬೇಸಾಯಗಾರನ ತಾಳ್ಮೆ ಬೇಕು. ಒಂದು ಬ್ಯಾಟರಿಯಲ್ಲಿ ಹೆಚ್ಚೆಂದರೆ ನೂರರ ಹತ್ತಿರ ಚಿತ್ರ, ಹಳೆಯ ಲೆಕ್ಕದಲ್ಲಿ ಮೂರು ರೀಲಿಗೂ ಕಡಿಮೆ. ಕಂಪೆನಿಯೇ ನಾಚಿಕೊಂಡು ಪೆಟ್ಟಿಗೆಯಲ್ಲಿ ಎರಡು ಬ್ಯಾಟರಿ ಇಟ್ಟು ಮಾರಿತು. ಹಂಪಿಯ ಬಿಸಿಲಿನಲ್ಲಿ ಹಿಂಬದಿಯ ಪರದೆಯ ಮೇಲೆ ಏನೂ ಕಾಣುವುದಿಲ್ಲ. ತಲೆಯ ಮೇಲೆ ಕರಿಯ ಬಟ್ಟೆ ಹೊದ್ದು ನೋಡಬೇಕು. ಹಿಂದಿನ ಕಾಲದ ಸ್ಟುಡಿಯೊದವರು ಮಾಡುತ್ತಿದ್ದುದೂ ಅದನ್ನೇ. ಬೇಸಗೆಯಲ್ಲಿ ಬಳ್ಳಾರಿ ಸೀಮೆಯ ಬಿಸಿಲು 40 ಡಿಗ್ರಿ ದಾಟಿದಾಗ ಬಂಡೆಯ ಮೇಲಿಟ್ಟ ಕರಿಯ ಡಬ್ಬಿ ಕೈ ಸುಡುತ್ತದೆ. ಒದ್ದೆ ಕೈಚೌಕ, ನೆರಳು, ಬೆಳಗಿನ ಒಂಬತ್ತರೊಳಗಿನ ಹೊತ್ತು ಇವೇ ಅದರ ಔಷಧ. ಜೂಮ್ ಇಲ್ಲದ್ದರಿಂದ ಹತ್ತಿರ ಬೇಕಾದರೆ ನಡೆಯಬೇಕು, ದೂರ ಬೇಕಾದರೂ ನಡೆಯಬೇಕು. ಹೀಗಾಗಿ ಇದನ್ನು ಹಿಡಿದವರು ಒಂದು ದಿನಕ್ಕೆ ಒಂದು ಗುಡಿಯನ್ನು ಮಾತ್ರ ನೋಡುತ್ತಾರೆ. ಆಟೊ ಹತ್ತಿ ಅರ್ಧ ದಿನದಲ್ಲಿ ಹಂಪಿ ಮುಗಿಸುವವರಿಗೆ ಇದು ದೋಷ. ಒಂದೇ ಗುಡಿಯನ್ನು ಇಡೀ ದಿನ ನೋಡಬೇಕೆನ್ನುವವರಿಗೆ ಇದಕ್ಕಿಂತ ಗುಣ ಬೇಡ.

ಹಂಪಿಯಲ್ಲಿ ಹೀಗೆ ನಿಧಾನದ ಯಂತ್ರ ಹಿಡಿದು ತಿರುಗಿದವರಲ್ಲಿ ಎಲ್ಲರಿಗಿಂತ ಹಿರಿಯ ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸು ಸೇನೆಯ ಈ ಅಧಿಕಾರಿ 1856ರಲ್ಲಿ ಇಲ್ಲಿನ ಗುಡಿ, ಗೋಪುರ, ಬೀದಿಗಳ ಚಿತ್ರ ತೆಗೆದ. ಅವನ ಕ್ಯಾಮೆರಾ ಜೇಬಿಗೆ ಬಿಡಿ, ಗಾಡಿಗೇ ಭಾರ. ಒಂದೊಂದು ನೆಗೆಟಿವ್ ಒಂದೂವರೆ ಅಡಿಯಷ್ಟು ದೊಡ್ಡದು, ಅದೂ ಗಾಜಿನದಲ್ಲ, ಮೇಣ ಹಚ್ಚಿದ ಕಾಗದದ್ದು. ಆ ಹೊತ್ತಿಗೆ ಗಾಜಿನ ಮೇಲೆ ಕೊಲೋಡಿಯನ್ ಬಳಿಯುವ ಹೊಸ ವಿಧಾನ ಬಂದು ಐದು ವರ್ಷವಾಗಿತ್ತು. ಚಿತ್ರ ಚುರುಕಾಗಿ, ಸ್ಪಷ್ಟವಾಗಿ ಬರುತ್ತಿತ್ತು. ಆದರೂ ಗ್ರೀನ್‌ಲಾ ಹಳೆಯ ಕಾಗದವನ್ನೇ ಆರಿಸಿಕೊಂಡ. ಕಾರಣ ಊಹಿಸುವುದು ಕಷ್ಟವಲ್ಲ. ಗಾಜಿನ ಮೇಲಿನ ಲೇಪ ಹಸಿಯಿರುವಾಗಲೇ ಚಿತ್ರ ತೆಗೆದು ತೊಳೆದುಬಿಡಬೇಕು, ಈ ನಾಡಿನ ಬಿಸಿಲಿನಲ್ಲಿ ಅದು ನೋಡನೋಡುತ್ತಲೇ ಒಣಗುತ್ತದೆ. ಮೇಣದ ಕಾಗದವನ್ನಾದರೆ ಮೊದಲೇ ಸಿದ್ಧಮಾಡಿಟ್ಟುಕೊಂಡು ಬರಬಹುದು, ಸಾವಕಾಶವಾಗಿ ತೊಳೆಯಬಹುದು. ಬೆಲೆಯಾಗಿ ನಿಮಿಷಗಟ್ಟಲೆ ಕಾಯಬೇಕು, ಅಷ್ಟೆ. ಕಲ್ಲು ಅಷ್ಟು ಹೊತ್ತು ಅಲುಗದೆ ನಿಂತಿರುತ್ತದೆ.

ಅವನ ಚಿತ್ರಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡಿದವರು ಒಂದು ಕ್ಷಣ ಬೆಚ್ಚುತ್ತಾರೆ. ಇಂದು 50 ರೂಪಾಯಿ ನೋಟಿನ ಮೇಲೆ ಕಾಣುವ ರಥಕ್ಕೆ ತಲೆ ಇಲ್ಲ. ಗ್ರೀನ್‌ಲಾನ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆ ಗಾರೆಯ ಶಿಖರವೊಂದಿದೆ! ಮುಂದೆ ಆ ಶಿಖರವನ್ನು ತೆಗೆದುಹಾಕಲಾಯಿತು. ಆ ಕಾಗದದ ಚೂರು ಇಲ್ಲದೆ ಹೋಗಿದ್ದರೆ ರಥ ಮೊದಲಿನಿಂದಲೂ ಹೀಗೆಯೇ ಇತ್ತೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಬಹುಕಾಲ ಮರೆಯಲ್ಲಿದ್ದ ಆ ನೆಗೆಟಿವ್‌ಗಳು ಮತ್ತೆ ಬೆಳಕಿಗೆ ಬಂದಾಗ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಅವೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ 127 ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೋಗುವುದೂ ನಿಂತಿಲ್ಲ. ವಿರೂಪಾಕ್ಷ ದೇವಾಲಯದ ಎದುರಿನ ಬೀದಿಯ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಕಟ್ಟಿಕೊಂಡಿದ್ದವರನ್ನು 2011ರಲ್ಲಿ ಎಬ್ಬಿಸಲಾಯಿತು. ಆ ಬೀದಿಯ ಬದುಕು ಈಗ ಅಂದಿನ ಫೋಟೊಗಳಲ್ಲಿ ಮಾತ್ರ ಇದೆ. ಕಂಬವೊಂದನ್ನು ಯುವಕರು ಮೋಜಿಗೆ ಉರುಳಿಸಿದ ವಿಡಿಯೊ 2019ರಲ್ಲಿ ಎಲ್ಲೆಡೆ ಹರಡಿತು. ನ್ಯಾಯಾಲಯ ದಂಡ ಹಾಕಿದ್ದಲ್ಲದೆ ಅವರಿಂದಲೇ ಕಂಬಗಳನ್ನು ಎತ್ತಿ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ಮಳೆಗೆ ಅದೇ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಬಿದ್ದ ಕಲ್ಲನ್ನು ಮತ್ತೆ ಅದರ ಜಾಗದಲ್ಲೇ ಕೂರಿಸಬೇಕಾದರೆ ಯಾವ ಕಂಬದ ಮೇಲೆ ಯಾವ ಬೋದಿಗೆ, ಯಾವ ತೊಲೆಯಲ್ಲಿ ಯಾವ ಬಿರುಕು ಎಂಬುದು ಗೊತ್ತಿರಬೇಕು. ಮಂಟಪದ ಮುಂದೆ ನಿಂತು ತಮ್ಮದೇ ಮುಖ ತೆಗೆದುಕೊಂಡ ಲಕ್ಷ ಚಿತ್ರಗಳಲ್ಲಿ ಅದು ಸಿಗುವುದಿಲ್ಲ. ಒಂದೊಂದು ಕಂಬವನ್ನೂ ನೇರವಾಗಿ, ನಿಧಾನವಾಗಿ ತೆಗೆದ ಚಿತ್ರ ಬೇಕು. ಇಂಥ ವಿಚಿತ್ರ ಕ್ಯಾಮೆರಾ ಇಟ್ಟುಕೊಂಡವರು ರಜೆಯ ದಿನ ಒಂದು ಮಂಟಪವನ್ನು ಹಿಡಿದು ಕಂಬದಿಂದ ಕಂಬಕ್ಕೆ ನಡೆದರೆ, ಅವರ ಹುಚ್ಚು ಊರಿನ ಆಸ್ತಿಯಾಗಬಹುದು.

ಅಡ್ಡಿ ಏನೆಂದರೆ ಟ್ರೈಪಾಡ್. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸುವಂತಿಲ್ಲ. ಕೈನಡುಗಿಗೆ ಮದ್ದಿಲ್ಲದ, ಕತ್ತಲೆಗೆ ಹೆದರುವ ಕ್ಯಾಮೆರಾಕ್ಕೆ ಇದು ಕಾಲು ಮುರಿದಂತೆಯೇ. ಇದಕ್ಕೆ ಕಂಪ್ಲಿಯ ಅಕ್ಕಿಯಲ್ಲೇ ಉಪಾಯವಿದೆ. ಗಟ್ಟಿ ಬಟ್ಟೆಯ ಸಣ್ಣ ಚೀಲಕ್ಕೆ ಎರಡು ಹಿಡಿ ಅಕ್ಕಿ ತುಂಬಿ ಬಾಯಿ ಹೊಲಿದರೆ, ಯಾವ ಕಟ್ಟೆಯ ಮೇಲಾದರೂ ಕ್ಯಾಮೆರಾ ಅದರಲ್ಲಿ ಕುಳಿತುಕೊಳ್ಳುತ್ತದೆ. ಎರಡು ಸೆಕೆಂಡು ತಡವಾಗಿ ಕ್ಲಿಕ್ಕಾಗುವಂತೆ ಇಟ್ಟು ಕೈ ತೆಗೆದರಾಯಿತು. ಇದರ ಕ್ಲಿಕ್ಕಿನ ಸದ್ದಂತೂ ಪಕ್ಕದಲ್ಲಿ ನಿಂತವರಿಗೂ ಕೇಳಿಸದಷ್ಟು ಮೆಲ್ಲಗೆ. ಮಂತ್ರ ಹೇಳುವ ಅರ್ಚಕರಿಗಾಗಲಿ, ಕಣ್ಣು ಮುಚ್ಚಿ ಕುಳಿತ ಭಕ್ತರಿಗಾಗಲಿ ತೊಂದರೆಯಿಲ್ಲ. ಗರ್ಭಗುಡಿಯಲ್ಲಿ ಮಾತ್ರ ಯಾವ ಕ್ಯಾಮೆರಾಕ್ಕೂ ಅವಕಾಶವಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಈ ಅಕ್ಕಿಚೀಲ ನಿಜಕ್ಕೂ ಉಪಯೋಗಕ್ಕೆ ಬರುವುದು ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲ ಕೋಣೆಯಲ್ಲಿ. ಹಂಪಿಯ ಅತ್ಯಂತ ಹಳೆಯ ಕ್ಯಾಮೆರಾ ಇರುವುದು ಅಲ್ಲಿ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಒಳಬಂದು, ಮುಂದಿನ ದೊಡ್ಡ ಗೋಪುರ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಪವಾಡವೆಂದು ಕೈ ಮುಗಿಯುವವರಿದ್ದಾರೆ. ಬೆಳಕು ನೇರ ದಾರಿ ಬಿಡುವುದಿಲ್ಲ, ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿ ದಾಟಿ ಕೆಳಗೇ ಬೀಳಬೇಕು, ಬುಡದಿಂದ ಹೊರಟದ್ದು ಮೇಲೇ ಬೀಳಬೇಕು ಎಂದು ಎಂಟನೇ ತರಗತಿಯ ಮಕ್ಕಳಿಗೆ ಇಲ್ಲಿಯೇ ಪಾಠ ಮಾಡಿದರೆ ಒಬ್ಬರೂ ಮರೆಯಲಾರರು. ಲೆನ್ಸಿಲ್ಲ, ಬ್ಯಾಟರಿಯಿಲ್ಲ, ಮೆಗಾಪಿಕ್ಸೆಲ್ ಇಲ್ಲ. ಇಷ್ಟು ಶತಮಾನಗಳಲ್ಲಿ ಒಮ್ಮೆಯೂ ರಿಪೇರಿಗೆ ಹೋಗಿಲ್ಲ. ಆ ಮಸುಕು ಬಿಂಬವನ್ನು ಮೊಬೈಲು ತಾನೇ ಬೆಳಗಿಸಿ, ತಿದ್ದಿ, ಹೊಳೆಯುವಂತೆ ಮಾಡಿಕೊಡುತ್ತದೆ. ಮೆರಿಲ್ ಅಕ್ಕಿಚೀಲದ ಮೇಲೆ ಕುಳಿತು ಹಲವು ಸೆಕೆಂಡು ಕಣ್ಣು ತೆರೆದಿದ್ದು, ಬಿಂಬವನ್ನು ಇದ್ದ ಮಸುಕಿನಲ್ಲೇ, ಗಾರೆಯ ಒರಟಿನೊಡನೆ ಕೊಡುತ್ತದೆ. ಯಾವುದು ಚೆಂದ ಎಂಬುದು ಅವರವರ ರುಚಿ. ಯಾವುದು ಅಲ್ಲಿತ್ತು ಎಂದು ಕೇಳಿದರೆ ಉತ್ತರ ಒಂದೇ.

ಸಂಡೂರಿನ ಕಡೆಗೆ ಹೋಗುವವರಿಗೆ ಇದರ ಇನ್ನೊಂದು ಅನುಕೂಲ ಕಾಣುತ್ತದೆ. ಅದಿರಿನ ಲಾರಿಗಳ ಹಿಂದೆ ಏಳುವ ಕೆಂಪು ದೂಳಿನಲ್ಲಿ ಲೆನ್ಸು ಬದಲಿಸುವ ದೊಡ್ಡ ಕ್ಯಾಮೆರಾಗಳ ಒಡೆಯರು ಪಡುವ ಪಾಡು ಹೇಳತೀರದು. ಇಲ್ಲಿ ಬದಲಿಸುವುದಕ್ಕೇ ಏನೂ ಇಲ್ಲ. ಮಳೆ ನಿಂತ ಮೇಲೆ ಕುಮಾರಸ್ವಾಮಿ ಬೆಟ್ಟದ ದಾರಿಯ ಕೆಮ್ಮಣ್ಣು, ಹಸಿರು ಹುಲ್ಲು ಬಿಸಿಲಿನಲ್ಲಿ ಅದ್ಭುತವಾಗಿ ಬರುತ್ತವೆ. ಮಂಜು ಕವಿದರೆ ಚೀಲದೊಳಗೇ ಇರಲಿ.

ಕೊಳ್ಳುವ ಮೊದಲು ತಿಳಿದಿರಬೇಕಾದ ದೊಡ್ಡ ದೋಷವನ್ನು ಕಡೆಗೆ ಹೇಳಬೇಕಾಗಿದೆ. ಈ ಕ್ಯಾಮೆರಾ ಹೊಸದಾಗಿ ತಯಾರಾಗುವುದು ನಿಂತು ಬಹಳ ವರ್ಷವಾಯಿತು, ಬಳಸಿದ್ದನ್ನೇ ಹುಡುಕಬೇಕು. ಕೆಟ್ಟರೆ ಬಳ್ಳಾರಿಯಲ್ಲೋ ಹೊಸಪೇಟೆಯಲ್ಲೋ ರಿಪೇರಿ ಆಗುತ್ತದೆಂದು ನಂಬಿ ಹೋಗಬಾರದು. ಇದರ ಮೂಲ ಚಿತ್ರಗಳು ಎಕ್ಸ್3ಎಫ್ ಎಂಬ ತನ್ನದೇ ಜಾತಿಯ ಕಡತಗಳು, ಒಂದೊಂದೂ 45 ಎಂಬಿ ಆಸುಪಾಸು. ಅವನ್ನು ಚೆನ್ನಾಗಿ ಬಿಡಿಸಬಲ್ಲದ್ದು ಕಂಪೆನಿಯ ಸ್ವಂತ ಸಾಫ್ಟ್‌ವೇರ್; ಅದೂ ಎತ್ತಿನ ಗಾಡಿಯ ವೇಗದ್ದು. ಮುಂದೆ ಯಾವ ಕಂಪ್ಯೂಟರಿನಲ್ಲಿ ಅದು ನಡೆಯುತ್ತದೆ, ಯಾವುದರಲ್ಲಿ ನಡೆಯುವುದಿಲ್ಲ ಎಂದು ಯಾರೂ ಭರವಸೆ ಕೊಡಲಾರರು. ಗ್ರೀನ್‌ಲಾನ ಮೇಣದ ಕಾಗದವನ್ನು ಬೆಳಕಿಗೆ ಹಿಡಿದರೆ ಸಾಕು, 1856ರ ಹಂಪಿ ಬರಿಗಣ್ಣಿಗೆ ಕಾಣುತ್ತದೆ. ಎಕ್ಸ್3ಎಫ್ ಕಡತವನ್ನು ಯಾವ ಬೆಳಕಿಗೆ ಹಿಡಿದರೂ ಏನೂ ಕಾಣದು.

ಆದ್ದರಿಂದ ಹಂಪಿಯಿಂದ ಮರಳಿದ ವಾರದಲ್ಲೇ ಕಡತಗಳನ್ನು ಎಲ್ಲ ಯಂತ್ರಗಳೂ ಓದುವ ಟಿಫ್ ರೂಪಕ್ಕೆ ತಿರುಗಿಸಿ ಎರಡು ಬೇರೆ ಡಿಸ್ಕುಗಳಲ್ಲಿ ಇಡುವುದು ಒಳ್ಳೆಯದು. ಅವುಗಳಲ್ಲಿ ಹತ್ತನ್ನಾದರೂ ಆರಿಸಿ, ಒಳ್ಳೆಯ ಕಾಗದದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಬೇಕು. ಹಿಂದೆ ಪೆನ್ಸಿಲಿನಲ್ಲಿ ಗುಡಿಯ ಹೆಸರು, ಕಂಬದ ಸಂಖ್ಯೆ, ನಿಂತ ಜಾಗ, ತಾರೀಖು ಬರೆದಿಡಬೇಕು.